ಅಟ್ಟದ ಮೇಲಿದ್ದ ಕಬ್ಬಿಣದ ಬೂಟು

ಮೂರು ವರ್ಷದ ಹಿಂದಿನ ಆಷಾಢದಲ್ಲಿ ನನ್ನ ಎಡಗಾಲಿನ ಮೊಣಕಾಲು ಕೈಕೊಟ್ಟಿತು. ಡಾಕ್ಟರು ಪಟ್ಟಿ ಕಟ್ಟಿಕೊಳ್ಳಲು ಹೇಳಿದರು. ಕೊಡೆ ಹಿಡಿದುಕೊಂಡು ಪೇಠೆಯೊಳಗೆ ಅಂಥ ಸಾಮಾನು ಮಾರುವ ಅಂಗಡಿಗೆ ಹೋದೆ. ಅಂಗಡಿಯವನು ಟೇಪು ತಂದು ಮೊಣಕಾಲಿನ ಮೇಲೊಮ್ಮೆ ಕೆಳಗೊಮ್ಮೆ ಅಳೆದ. ಒಳಗಿನಿಂದ ಎರಡು ಪಕ್ಕಕ್ಕೂ ಉಕ್ಕಿನ ಪಟ್ಟಿ ಇದ್ದ ಚರ್ಮದ ಕಟ್ಟು ತಂದು ನನ್ನ ಕಾಲಿಗೆ ಬಿಗಿದ. "ಝಾಲಂ ಕಾಕಾ, ಚಾಲೂನ ಬಘಾ," ಎಂದ. ಆಯಿತು, ನಡೆದು ನೋಡಿ ಅಂತ. ಒಳಗೆ ಕಾಲಿಟ್ಟು ಹತ್ತು ನಿಮಿಷವೂ ಆಗಿರಲಿಲ್ಲ.

ನಾನು ನಡೆಯಲಿಲ್ಲ. ಮಳೆಯ ಥಂಡಿಗೆ ಹೊಸ ಚರ್ಮ ಬಿಡುವ ವಾಸನೆ, ಅದರ ಜೊತೆ ಕೀಲಿಗೆ ಹಾಕಿದ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಸ್ಟೂಲಿನ ಮೇಲೆ ಹಾಗೇ ಕೂತೆ. ನೋವಾಯಿತೇನೋ ಎಂದು ಅವನು ನೀರು ತಂದುಕೊಟ್ಟ. ಆ ವಾಸನೆ ಒಂದು ಇಡೀ ಮಳೆಗಾಲ ನನ್ನ ಅಂಗಡಿಯಲ್ಲಿತ್ತು. ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಮಾತು ಅದು. ಈಗ ಬರೆಯುತ್ತಿದ್ದೇನೆ. ಬರೆದರೆ ಹಗುರಾಗುತ್ತದೆ ಎಂಬ ಆಸೆಯೇನೂ ನನಗಿಲ್ಲ.

ನಾನು ಬೆಳಗಾವಿ ಕಡೆಯವನು. ಎಸ್ಸೆಸ್ಸೆಲ್ಸಿ ಮುಗಿಸಿ ಪುಣೆಯಲ್ಲಿ ಮಾವನ ಪಾತ್ರೆ ಅಂಗಡಿಗೆ ಬಂದೆ. ಮುಂದೆ ಅಂಗಡಿ ನನ್ನದೇ ಆಯಿತು. ಸ್ಟೀಲು, ಹಿತ್ತಾಳೆ, ಮದುವೆಗೆ ಕೊಡುವ ಸಾಮಾನು. ಕೊಂಡವರಿಗೆ ಪಾತ್ರೆಯ ಮೇಲೆ ಹೆಸರು ಕೆತ್ತಿಕೊಡುವ ಕೆಲಸ ನಾನೇ ಮಾಡುತ್ತಿದ್ದೆ. ಕರೆಂಟಿನ ಸೂಜಿ ಹಿಡಿದರೆ ನನ್ನ ಅಕ್ಷರ ದುಂಡಗೆ ಬರುತ್ತಿತ್ತು, ಕನ್ನಡವಾಗಲಿ ಮರಾಠಿಯಾಗಲಿ.

ನಮ್ಮ ಸೇವಾ ಕ್ಲಬ್ಬು ಹುಟ್ಟಿದ್ದು ಆ ಅಂಗಡಿಯ ಕಟ್ಟೆಯ ಮೇಲೆ. ಧಾರವಾಡ, ಬೆಳಗಾವಿ ಕಡೆಯ ಹನ್ನೆರಡು ಜನ ಸೇರಿದ್ದೆವು. ವ್ಯಾಪಾರಿಗಳು, ಬ್ಯಾಂಕಿನ ಗುಮಾಸ್ತರು, ದೌಂಡದಲ್ಲಿ ನೌಕರಿ ಮಾಡಿ ನಿವೃತ್ತರಾದ ಒಬ್ಬ ರೈಲ್ವೆ ಗಾರ್ಡು. ಮೊದಲ ಬೇಸಿಗೆಯಲ್ಲಿ ಬಸ್ ನಿಲ್ದಾಣದ ಹೊರಗೆ ನೀರಿನ ಹರವಿಗಳನ್ನಿಟ್ಟೆವು. ಬೆಳಿಗ್ಗೆ ಅವನ್ನು ತುಂಬುವವರೂ ನಾವೇ, ಸಂಜೆ ತೊಳೆಯುವವರೂ ನಾವೇ. ಆಮೇಲೆ ಮಕ್ಕಳಿಗೆ ನೋಟ್‌ಬುಕ್ಕು, ಮುದುಕರಿಗೆ ಕಣ್ಣಿನ ತಪಾಸಣೆ. ಹರವಿಯ ಮೇಲೆ ನಮ್ಮ ಹೆಸರಿರಲಿಲ್ಲ. ಮುಂದೆ ದೊಡ್ಡ ಸಂಸ್ಥೆಯೊಂದಕ್ಕೆ ಸೇರಿಕೊಂಡೆವು. ಗಂಟೆ ಬಂತು, ಕೋಟಿಗೆ ಚುಚ್ಚುವ ಪಿನ್ನು ಬಂತು, ಅಧ್ಯಕ್ಷರ ಕೊರಳಿಗೆ ಪದಕಗಳ ಪಟ್ಟಿ ಬಂತು. ವರ್ಷಕ್ಕೊಮ್ಮೆ ಗವರ್ನರ್ ಭೇಟಿ ಬಂತು. ರಾಜ್ಯದ ಗವರ್ನರ್ ಅಲ್ಲ, ನಮ್ಮಂಥ ಹತ್ತಾರು ಕ್ಲಬ್ಬುಗಳ ಮೇಲಿನ ಮುಖ್ಯಸ್ಥ. ಅವರು ಬಂದಾಗ ಕ್ಲಬ್ಬು ತಾನು ಮಾಡಿದ್ದನ್ನು ತೋರಿಸಬೇಕು. ಮೆಲ್ಲಗೆ ನಮ್ಮ ವರ್ಷವೆಲ್ಲ ಆ ಒಂದು ದಿನದ ಸುತ್ತ ತಿರುಗತೊಡಗಿತು.

ತೊಂಬತ್ತರ ದಶಕದ ನಡುವಿನ ಆ ವರ್ಷ ನಾನು ಕಾರ್ಯದರ್ಶಿ. ಅಧ್ಯಕ್ಷರು ಅಣ್ಣಾಸಾಹೇಬರು. ಧಾರವಾಡದ ಬಟ್ಟೆ ವ್ಯಾಪಾರಿ, ನಗಿಸುವ ಮನುಷ್ಯ, ಕೆಟ್ಟವರೇನಲ್ಲ. ಪೋಲಿಯೋ ಆದ ಮಕ್ಕಳಿಗಾಗಿ ಮೇ ತಿಂಗಳಲ್ಲಿ ಶಿಬಿರ ನಡೆಸಿದೆವು. ಇಪ್ಪತ್ತೊಂದು ಜನರ ಕಾಲಿನ ಅಳತೆ ತೆಗೆದುಕೊಂಡೆವು. ಹೆಚ್ಚಿನವರು ಕಾಲಿಗೆ ಆಸರೆಯಾಗಿ ಕಟ್ಟುವ ಹಳೆಯ ಕ್ಯಾಲಿಪರ್ ಸವೆದು ಹೊಸದಕ್ಕೆ ಬಂದವರು. ನಾಲ್ಕು ಮಕ್ಕಳಿಗೆ ಮಾತ್ರ ಮಡಿಚಿದ ಮೊಣಕಾಲನ್ನು ನೇರ ಮಾಡುವ ಆಪರೇಷನ್ ಆಯಿತು. ಅವರಲ್ಲೊಬ್ಬಳು ರೇಣುಕಾ. ಎಂಟು ವರ್ಷ. ತಾಯಿ ನೀಲವ್ವ ಯೆರವಡಾದ ಕಡೆ ಕಟ್ಟಡಗಳಲ್ಲಿ ಬುಟ್ಟಿ ಹೊರುತ್ತಿದ್ದಳು. ಗಂಡ ರಾಂಜಣಗಾಂವದಲ್ಲಿ ಕಾರ್ಖಾನೆ ಕಟ್ಟುವ ಕೆಲಸಕ್ಕೆ ಹೋದವನು ತಿಂಗಳಿಗೊಮ್ಮೆ ಬರುತ್ತಿದ್ದ. ವಿಜಯಪುರ ಕಡೆಯವರು. ಶಿಬಿರದಲ್ಲಿ ನಾನು ಕನ್ನಡದಲ್ಲಿ ಹೆಸರು ಕೇಳಿದ್ದೇ ತಡ, ಆಕೆಯ ಮುಖ ಅರಳಿತ್ತು.

"ಅಯ್ಯ, ನಮ್ಮ ಕಡೆಯವ್ರ ಅದೀರೇನ್ರಿ ಅಣ್ಣಾರ! ಹಂಗಂದ್ರ ಇನ್ನ ನನಗ ಅಂಜಿಕಿಲ್ಲ ಬಿಡ್ರಿ."

ಕ್ಯಾಲಿಪರ್ ಮಾಡಿದವನು ಜಾಧವ ಎಂಬ ಕುಶಲಕರ್ಮಿ. ಜೂನ್ ಕೊನೆಗೆ ಇಪ್ಪತ್ತೊಂದನ್ನೂ ಟೆಂಪೋದಲ್ಲಿ ತಂದು ನನ್ನ ಅಂಗಡಿಯಲ್ಲಿಳಿಸಿದ. ತೊಡೆಯಿಂದ ಹಿಮ್ಮಡಿಯವರೆಗೆ ಎರಡು ಉಕ್ಕಿನ ಪಟ್ಟಿ, ನಡುವೆ ಚರ್ಮದ ಕಟ್ಟು, ಕೆಳಗೆ ಕಪ್ಪು ಬೂಟು. ಹೋಗುವ ಮುಂಚೆ ನಾಲ್ಕನ್ನು ಬೇರೆ ತೆಗೆದಿಟ್ಟ.

"ಶೇಟ್, ಇವು ಆಪರೇಷನ್ ಆದ ಮಕ್ಕಳದ್ದು," ಎಂದು ಮರಾಠಿಯಲ್ಲಿ ಹೇಳಿದ. "ಪ್ಲಾಸ್ಟರ್ ಬಿಚ್ಚಿದ ಹದಿನೈದು ದಿನದೊಳಗೆ ಹಾಕಬೇಕು. ತಡ ಮಾಡಿದರೆ ಮೊಣಕಾಲು ಮತ್ತೆ ಮಡಿಚುತ್ತದೆ. ಆಮೇಲೆ ಇದು ಬರೀ ಕಬ್ಬಿಣ."

ಈ ಮಾತನ್ನು ಅವನು ನನಗೆ ಹೇಳಿದ, ನಾನು ಕೇಳಿಸಿಕೊಂಡೆ. ತಿಳಿಯದೆ ಆಯಿತು ಎನ್ನುವ ಬಾಗಿಲು ಅಲ್ಲಿಗೆ ಮುಚ್ಚಿತು.

ಎರಡು ದಿನ ಕೂತು ಪ್ರತಿಯೊಂದರ ಉಕ್ಕಿನ ಪಟ್ಟಿಯ ಮೇಲೆ ನಮ್ಮ ಕ್ಲಬ್ಬಿನ ಹೆಸರು, ಅದರ ಕೆಳಗೆ ಗವರ್ನರ್ ಹೆಸರು ಕೆತ್ತಿದೆ. ಹಳೆಯ ಪೇಪರಿನಲ್ಲಿ ಸುತ್ತಿ, ಮಗುವಿನ ಹೆಸರನ್ನು ಮರಾಠಿಯಲ್ಲಿ ಬರೆದ ರಟ್ಟಿನ ಚೀಟಿಯನ್ನು ಹೊರಗೆ ದಾರದಿಂದ ಕಟ್ಟಿ ಅಟ್ಟಕ್ಕೇರಿಸಿದೆ. ಅಟ್ಟವೆಂದರೆ ಕಬ್ಬಿಣದ ಚೌಕಟ್ಟಿನ ಮೇಲೆ ಹಲಗೆ ಹಾಸಿದ್ದು, ಗಿರಾಕಿಗಳು ಕೂರುವ ಜಾಗದ ನೇರ ಮೇಲೆ. ಜುಲೈ ಎರಡನೇ ವಾರ ಗವರ್ನರ್ ಬರುವುದಿತ್ತು. ಅವರ ಕೈಯಿಂದ ಎಲ್ಲವನ್ನೂ ಒಟ್ಟಿಗೆ ಹಂಚಿಸುವುದೆಂದು ಗೊತ್ತಾಗಿತ್ತು. ಹದಿನೈದು ದಿನಕ್ಕೆ ಸರಿಹೋಗುತ್ತದೆ ಎಂದುಕೊಂಡೆ.

ಗವರ್ನರ್ ಬರಲಿಲ್ಲ. ಮನೆಯಲ್ಲಿ ಯಾರಿಗೋ ಹುಷಾರಿಲ್ಲವೆಂದು ಭೇಟಿ ಆಗಸ್ಟಿಗೆ ಹೋಯಿತು.

ಆ ವಾರವೇ ನೀಲವ್ವ ಮೊದಲ ಸಲ ಅಂಗಡಿಗೆ ಬಂದದ್ದು. ಜಡಿಮಳೆ. ಗೋಣಿಚೀಲವನ್ನು ಇಬ್ಬರ ತಲೆಗೂ ಸೇರಿಸಿ ಹೊದ್ದುಕೊಂಡು, ಎಂಟು ವರ್ಷದ ಮಗಳನ್ನು ಸೊಂಟದ ಮೇಲೆ ಹೊತ್ತು ಬಂದಿದ್ದಳು. ಹುಡುಗಿಯನ್ನು ನೆಲದ ಮೇಲಿಳಿಸಿದಳು. ಪ್ಲಾಸ್ಟರ್ ಬಿಚ್ಚಿದ್ದ ಕಾಲು ತೆಳ್ಳಗೆ, ಬೆಳ್ಳಗೆ, ನೇರವಾಗಿ ಚಾಚಿಕೊಂಡಿತ್ತು. ಮರದ ಪೆಟ್ಟಿಗೆಯ ಎರಡು ಹಲಗೆ ತುಂಡು ಆಚೆ ಈಚೆ ಇಟ್ಟು ಹಳೆಯ ಸೀರೆಯಿಂದ ಸುತ್ತಿದ್ದಳು.

"ಅಣ್ಣಾರ, ನಮ್ಮ ಹುಡಿಗೀ ಬೂಟು ಬಂದಾವೇನ್ರಿ?"

"ಇನ್ನೂ ಇಲ್ಲ ನೀಲವ್ವ. ಮುಂಬೈಯಿಂದ ಬರಬೇಕು. ಮಳಿ ನೋಡು ಹ್ಯಾಂಗ ಹಿಡದದ, ಘಾಟಿನಾಗ ಲಾರಿ ಎಲ್ಲೆ ನಿಂತಾವೋ ಏನೋ."

ಸುಳ್ಳು ಎಷ್ಟು ಸಲೀಸಾಗಿ ಬಂತು ನೋಡಿ. ಕೇಳದೇ ಇದ್ದ ಲಾರಿಯನ್ನೂ ಘಾಟನ್ನೂ ನಾನೇ ತಂದು ಸೇರಿಸಿದೆ.

"ನೀವು ಅಂದ್ರ ಆತ್ರಿ. ದವಾಖಾನ್ಯಾಗ ಅವ್ರು ಮರಾಠಿವಳಗ ಭರಾಭರಾ ಅಂತಾರ, ಅರ್ಧಾ ತಿಳಿಯಂಗಿಲ್ಲ. ಡಾಕ್ಟರು ಹಲಗಿ ಕಟ್ಟಬ್ಯಾಡ, ಬೂಟ ಹಾಕು ಅಂತಾರ. ಬೂಟು ನನ್ನ ಕೈಯಾಗ ಐತೇನ್ರಿ? ಸಾಲ್ಯಾಗ ಇಕೀದು ಮೂರನೇ ಇಯತ್ತೆ ಮಾಳಿಗಿ ಮ್ಯಾಲ ಬಂದೈತ್ರಿ ಈ ಸಲ. ದಿನಾ ಹೊತಗೊಂಡ ಹೋಗಿ ಬಿಟ್ಟ ಬರೂದು ಅಂದ್ರ ಕೆಲಸಾ ತಪ್ಪತೈತಿ. ಬೂಟು ಬಂದ್ರ ತಾನ ಕಟಾಂಜನ ಹಿಡಕೊಂಡು ಮೆಟ್ಟಲಾ ಏರತಾಳ."

"ಏರತಾಳ, ಏರತಾಳ," ಎಂದೆ. ಚಹಾ ತರಿಸಿಕೊಟ್ಟೆ.

ಆಕೆ ಹೋದ ಮೇಲೆ ಅಣ್ಣಾಸಾಹೇಬರಿಗೆ ಫೋನ್ ಮಾಡಿದೆ. ಆಪರೇಷನ್ ಆದ ಮಕ್ಕಳದ್ದಾದರೂ ಕೊಟ್ಟುಬಿಡೋಣವೇ ಎಂದು ಕೇಳಿದ್ದು ನಿಜ. ಅದನ್ನು ನನ್ನ ಪರವಾಗಿ ಹೇಳುತ್ತಿಲ್ಲ.

"ಏನ್ರಿ ಮಲ್ಲಣ್ಣ," ಎಂದು ಅವರು ನಕ್ಕರು. "ಮದಿವಿ ಮೊದಲ ಊಟಾ ಬಡಿಸಿಬಿಟ್ರ ಬೀಗರಿಗೆ ಏನ ತೋರಸೋಣು? ಗವರ್ನರ್ ಸಾಹೇಬ್ರು ಬಂದು ಖಾಲಿ ಟೇಬಲ್ಲಿಗೆ ಹಾರಾ ಹಾಕಬೇಕೇನು? ಕಾರ್ಡಿನಾಗ ಇಪ್ಪತ್ತೊಂದು ಅಂತ ಛಾಪಿಸೇವಿ. ನಾಲ್ಕ ವಾರದ ಮಾತು. ಹುಡುಗೂರ ಕಾಲು ಎಲ್ಲೂ ಓಡಿ ಹೋಗಂಗಿಲ್ಲ."

ನಾನೂ ನಕ್ಕೆ. ಯಾಕೆ ನಕ್ಕೆನೆಂದು ಹೇಳಿಬಿಡುತ್ತೇನೆ. ಮುಂದಿನ ವರ್ಷದ ಅಧ್ಯಕ್ಷನನ್ನು ಗವರ್ನರ್ ಭೇಟಿಯ ದಿನವೇ ಘೋಷಿಸುವುದು ನಮ್ಮ ಪದ್ಧತಿ. ಕೊರಳಿಗೆ ಹಾಕುವ ಆ ಪದಕಗಳ ಪಟ್ಟಿ ನನಗೆ ಬೇಕಿತ್ತು. ಎಸ್ಸೆಸ್ಸೆಲ್ಸಿ ಓದಿದ ಪಾತ್ರೆ ಅಂಗಡಿಯವನು ನಾನು. ಬ್ಯಾಂಕಿನವರೂ ವಕೀಲರೂ ಕೂತ ಸಭೆಯಲ್ಲಿ ಗಂಟೆ ಬಾರಿಸಬೇಕಿತ್ತು. ಅಷ್ಟೇ.

ಆಗಸ್ಟಿನಲ್ಲಿ ಗವರ್ನರ್ ಪರದೇಶಕ್ಕೆ ಹೋದರು. ಸೆಪ್ಟೆಂಬರಿನಲ್ಲಿ ಗಣಪತಿ ಬಂದ, ಪುಣೆಯಲ್ಲಿ ಆ ಹತ್ತು ದಿನ ಬೇರೇನೂ ನಡೆಯುವುದಿಲ್ಲ. ಗಣಪತಿ ಹೋದ ಮೇಲೆ ಪಿತೃಪಕ್ಷ. ಪಕ್ಷಮಾಸದಲ್ಲಿ ಹೊಸ ವಸ್ತು ಯಾರ ಕೈಗೂ ಕೊಡಬಾರದೆಂದು ನಮ್ಮ ಹಿರಿಯ ಸದಸ್ಯರೇ ಹೇಳಿದರು, ಅದರಲ್ಲೂ ಕಾಲಿಗೆ ಹಾಕುವ ವಸ್ತು. ಎಲ್ಲರೂ ತಲೆಯಾಡಿಸಿದೆವು. ಒಂದೊಂದು ಕಾರಣವೂ ಸರಿಯಾಗಿಯೇ ಕಾಣುತ್ತಿತ್ತು. ಆಪರೇಷನ್ ಆದ ಉಳಿದ ಮೂರು ಮಕ್ಕಳ ಮನೆಯವರು ನಮ್ಮನ್ನು ಕಾಯಲಿಲ್ಲ, ಹೇಗೋ ಬೇರೆ ಕಡೆ ಮಾಡಿಸಿಕೊಂಡರು. ನೀಲವ್ವ ಕಾದಳು. ಅವಳಿಗೆ ನಾನಿದ್ದೆನಲ್ಲ.

ಆರು ಸಲ ಬಂದಳು. ಯೆರವಡಾದಿಂದ ಎರಡು ಬಸ್ಸು ಬದಲಿಸಿ ಬರುವುದು. ಪ್ರತಿ ಸಲವೂ ಹುಡುಗಿಯನ್ನು ಅದೇ ಜಾಗದಲ್ಲಿ, ಅಟ್ಟದ ಕೆಳಗೆ ಕೂರಿಸುತ್ತಿದ್ದಳು. ಪ್ರತಿ ಸಲವೂ ಹಲಗೆಯ ಕಟ್ಟು ಸ್ವಲ್ಪ ಹೆಚ್ಚು ಸೊಟ್ಟಗಿರುತ್ತಿತ್ತು. ಪಕ್ಷಮಾಸದಲ್ಲಿ ಬಂದಾಗ ಹಲಗೆಯೇ ಇರಲಿಲ್ಲ.

"ಚುಚ್ಚತೈತಿ ಅಂತ ಅಳತಾಳ್ರಿ. ರಾತ್ರಿ ತಾನ ಬಿಚ್ಚಿ ಒಗಿತಾಳ. ಕಾಲು ಜರಾ ಮ್ಯಾಲ ಬಂದಂಗ ಕಾಣತೈತಿ, ಹೌದಿಲ್ರಿ ಅಣ್ಣಾರ?"

ನಾನು ಕಾಲನ್ನು ನೋಡಲಿಲ್ಲ. "ಸಾಲಿಗೆ ಹೊಂಟಾಳೇನು?" ಎಂದು ಕೇಳಿದೆ.

"ಎಲ್ಲಿ ಸಾಲಿ ತರ್ರಿ. ಗಣಪತಿ ಸೂಟಿ ಮುಗದ ಮ್ಯಾಲ ಹೋಗೇ ಇಲ್ಲ. ಬೂಟು ಬರ್ಲಿ ಅಂತ."

ಹುಡುಗಿ ನಮ್ಮ ಮಾತಿಗೆ ಕಿವಿ ಕೊಟ್ಟಂತಿರಲಿಲ್ಲ. ನೆಲದ ಮೇಲೆ ಕೂತು ತಲೆ ಎತ್ತಿ ಮೇಲೆಯೇ ನೋಡುತ್ತಿದ್ದಳು. ಅಟ್ಟದ ಸಂದಿಯಲ್ಲಿ ಗುಬ್ಬಿ ಗೂಡು ಕಟ್ಟಿತ್ತು, ಅದನ್ನು ನೋಡುತ್ತಿದ್ದಾಳೆ ಎಂದುಕೊಂಡೆ. ಮನಸ್ಸಿಗೆ ಹೇಗೋ ಆಗಿ ಒಂದು ಸಣ್ಣ ಸ್ಟೀಲಿನ ತಟ್ಟೆ ತೆಗೆದು, ಅವಳ ಹೆಸರನ್ನು ಮರಾಠಿ ಅಕ್ಷರದಲ್ಲಿ ಕೆತ್ತಿ ಕೈಗೆ ಕೊಟ್ಟೆ. ಅವಳು ತಟ್ಟೆಯ ಮೇಲಿನ ಅಕ್ಷರ ನೋಡಿದಳು, ಮೇಲೆ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ಥ್ಯಾಂಕ್ಸ್ ಹೇಳಲಿಲ್ಲ. "ಭಾಳ ಸೊಕ್ಕು ಬಂದೈತಿ," ಎಂದು ನೀಲವ್ವ ಅವಳ ತಲೆಗೆ ಮೊಟಕಿ ತಾನೇ ನನಗೆ ಕೈಮುಗಿದಳು. ಆ ದಿನ ನಾನು ಏನೋ ಒಳ್ಳೆಯದು ಮಾಡಿದವನ ಹಾಗೆ ಊಟ ಮಾಡಿದೆ.

ದಸರೆ ಕಳೆದ ಮೇಲೆ ಒಂದು ಮಧ್ಯಾಹ್ನ ಅಂಗಡಿಯಲ್ಲಿ ಯಾರೂ ಇರಲಿಲ್ಲ. ಏಣಿ ಹಾಕಿ ಅವಳ ಕ್ಯಾಲಿಪರ್ ಕೆಳಗಿಳಿಸಿದೆ. ಚರ್ಮಕ್ಕೆ ಹಸಿರು ಬೂಷ್ಟು ಹಿಡಿದಿತ್ತು. ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿದೆ. ರಿಕ್ಷಾ ಹಿಡಿದರೆ ಅರ್ಧ ತಾಸು. ಹೋಗಿ ಕೊಟ್ಟುಬಿಡಬಹುದಿತ್ತು. ಯಾವಾಗ ಬಂತು ಎಂದು ಕೇಳಿದರೆ ಏನು ಹೇಳಲಿ, ಅಣ್ಣಾಸಾಹೇಬರಿಗೆ ಗೊತ್ತಾದರೆ ಏನೆಂದಾರು, ಇಷ್ಟು ದಿನ ಕಾದವಳು ಇನ್ನೊಂದು ತಿಂಗಳು ಕಾಯಲಿ ಎಂದುಕೊಂಡೆ. ಆ ದಿನ ನನ್ನನ್ನು ಯಾರೂ ತಡೆಯಲಿಲ್ಲ. ನಾನೇ ಅದನ್ನು ಮತ್ತೆ ಪೇಪರಿನಲ್ಲಿ ಸುತ್ತಿ ಅಟ್ಟಕ್ಕಿಟ್ಟೆ.

ಗವರ್ನರ್ ಬಂದದ್ದು ಡಿಸೆಂಬರಿನಲ್ಲಿ. ಮದುವೆ ಕಾರ್ಯಾಲಯವೊಂದನ್ನು ಹಿಡಿದು ಶಾಮಿಯಾನ ಹಾಕಿದ್ದೆವು. ಉದ್ದನೆಯ ಟೇಬಲ್ಲಿನ ಮೇಲೆ ಬಿಳಿ ಬಟ್ಟೆ ಹಾಸಿ ಇಪ್ಪತ್ತೊಂದು ಕ್ಯಾಲಿಪರ್ ನಿಲ್ಲಿಸಿದ್ದೆವು. ಬಾರದೇ ಹೋದ ಮೂರು ಮಕ್ಕಳದ್ದೂ ಅಲ್ಲೇ ಇದ್ದವು. ನೀಲವ್ವ ಮಗಳಿಗೆ ಹೊಸ ಲಂಗ ಹೊಲಿಸಿ, ಎರಡು ಜಡೆ ಹಾಕಿ, ಅಬ್ಬಲಿಗೆ ಮುಡಿಸಿ ಕರೆತಂದಿದ್ದಳು. ಗಂಡನೂ ರಜೆ ಹಾಕಿ ಬಂದಿದ್ದ.

ರೇಣುಕಾಳ ಸರದಿ ಬಂದಾಗ ಜಾಧವ ಲಂಗ ಸರಿಸಿ ಕಾಲು ನೋಡಿದ. ಮೊಣಕಾಲು ಮಡಿಚಿ ಗಟ್ಟಿಯಾಗಿತ್ತು, ಶಿಬಿರಕ್ಕೆ ಬಂದಾಗ ಹೇಗಿತ್ತೋ ಹಾಗೆ. ಅಂಗೈಯಿಂದ ಒತ್ತಿದ. ಹುಡುಗಿ ಚೀರಿದಳು. ಅವನು ಕೈ ತೆಗೆದು ನನ್ನ ಕಡೆ ನೋಡಿ, ಮೆಲ್ಲಗೆ, "ಬಸಣಾರ ನಾಹೀ ಶೇಟ್," ಎಂದ. ಕೂಡುವುದಿಲ್ಲ. ಆ ದಿನದ ಮೇಲೆ ಅವನು ನಮ್ಮ ಕೆಲಸ ಹಿಡಿಯಲಿಲ್ಲ.

ಗವರ್ನರ್ ನಗುತ್ತ ನಿಂತಿದ್ದರು, ಫೋಟೋದವನು ಕಾಯುತ್ತಿದ್ದ. "ಸಡಲ ಕಟ್ಟ್ರಿ, ಒಂದ ನಿಮಿಷದ ಕೆಲಸ," ಎಂದು ಅಣ್ಣಾಸಾಹೇಬರು ಪಿಸುಗುಟ್ಟಿದರು. ಕ್ಯಾಲಿಪರನ್ನು ಕಾಲಿನ ಮುಂದೆ ಇಟ್ಟು ಲಂಗ ಇಳಿಬಿಟ್ಟೆವು. ಅವಳು ನಿಂತಂತೆ ಕಾಣಲು ಇಬ್ಬರು ಆಚೆ ಈಚೆ ಕಂಕುಳಿಗೆ ಕೈಕೊಟ್ಟು ಎತ್ತಿ ಹಿಡಿದೆವು. ಕ್ಲಬ್ಬಿನ ಪತ್ರಿಕೆಯ ಮುಖಪುಟದಲ್ಲಿ ಆ ಫೋಟೋ ಬಂತು. ಹುಡುಗಿ ನಿಂತಿದ್ದಾಳೆ. ಬಲಗಡೆಯ ಕೈ ನನ್ನದು.

ಚಪ್ಪಾಳೆಯ ನಡುವೆ ನೀಲವ್ವ ನನ್ನ ಹತ್ತಿರ ಬಂದಳು. "ರೂಢಿ ಆದ ಮ್ಯಾಲ ಕೂಡತೈತಲ್ರಿ ಅಣ್ಣಾರ?"

"ಕೂಡತದ," ಎಂದೆ.

ಅದೇ ಸಭೆಯಲ್ಲಿ ನನ್ನ ಹೆಸರು ಘೋಷಿಸಿದರು. ಮುಂದಿನ ಜುಲೈನಲ್ಲಿ ಪದಕಗಳ ಪಟ್ಟಿ ಕೊರಳಿಗೆ ಬಂತು. ನನ್ನ ವರ್ಷದಲ್ಲಿ ಪೋಲಿಯೋ ಶಿಬಿರ ಮಾಡಲಿಲ್ಲ. ಆ ಮಕ್ಕಳ ಮುಖ ನೋಡುವ ಧೈರ್ಯವಿರಲಿಲ್ಲ. ಬಸ್ಸಿಗೆ ಕಾಯುವವರಿಗೆ ಸಿಮೆಂಟಿನ ಬೆಂಚು ಹಾಕಿಸಿ ಬೆನ್ನಿಗೆ ಕ್ಲಬ್ಬಿನ ಹೆಸರು ಬರೆಸಿದೆ. ಎರಡನೇ ಆಪರೇಷನ್ನಿಗೆ ಮುಂದಿನ ಶಿಬಿರದಲ್ಲಿ ನೋಡೋಣ ಎಂದು ಡಾಕ್ಟರು ನೀಲವ್ವಳಿಗೆ ಹೇಳಿದ್ದರಂತೆ. ಆ ಮುಂದಿನ ಶಿಬಿರ ನಾನು ಮಾಡದೇ ಬಿಟ್ಟದ್ದು. ಆಮೇಲೆ ಕ್ಲಬ್ಬೂ ಸೊರಗಿತು. ಹಳಬರು ತೀರಿಕೊಂಡರು, ಹೊಸಬರು ಬರಲಿಲ್ಲ. ಈಗ ಆ ಗಂಟೆ ಯಾರ ಮನೆಯಲ್ಲಿದೆಯೋ ಗೊತ್ತಿಲ್ಲ.

ಮೊಣಕಾಲಿಗೆ ಪಟ್ಟಿ ಕಟ್ಟಿಸಿಕೊಂಡ ಆ ವಾರ ನಾನು ಯೆರವಡಾಕ್ಕೆ ಹೋದೆ. ಹುಡುಕಲು ಎರಡು ದಿನ ಬೇಕಾಯಿತು. ಹೊಸ ಗಾಜಿನ ಕಟ್ಟಡಗಳ ಹಿಂದಿನ ಓಣಿ, ತಗಡಿನ ಪತ್ರಾಸಿನ ಮನೆ. ನೀಲವ್ವ ಬಾಗಿದ್ದಳು, ಕೂದಲು ಬೆಳ್ಳಗಾಗಿತ್ತು, ಆದರೂ ಗುರುತು ಹಿಡಿದಳು.

"ಅಯ್ಯ ನನ್ನಪ್ಪಾ, ಅಣ್ಣಾರು! ಏ ರೇಣಿ, ಯಾರ ಬಂದಾರ ನೋಡ! ನಿನಗ ಬೂಟು ಕೊಡಿಸಿದ್ರಲ್ಲ, ಅವ್ರು!"

ರೇಣುಕಾ ನೆಲದ ಮೇಲೆ ಕೂತು ಸೀರೆಗೆ ಫಾಲ್ ಹಚ್ಚುತ್ತಿದ್ದಳು. ಮೂವತ್ತು ದಾಟಿದ ಹೆಣ್ಣುಮಗಳು. ಎದ್ದು ನನಗೆ ಚಾಪೆ ಹಾಸಿದಳು. ಒಂದು ಕೈಯಿಂದ ಮೊಣಕಾಲು ಒತ್ತಿ ಹಿಡಿದು, ಪ್ರತಿ ಹೆಜ್ಜೆಗೂ ಅರ್ಧ ಬಗ್ಗಿ. ಗೂಟದಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಕ್ಯಾಲಿಪರ್ ತೂಗುಹಾಕಿತ್ತು. ನಾನು ಕೆತ್ತಿದ ಅಕ್ಷರ ಹೊಸದರಂತೆ ಹೊಳೆಯುತ್ತಿತ್ತು. "ದಾನದ ವಸ್ತು, ಒಗೀಬಾರ್ದಲ್ರಿ," ಎಂದಳು ನೀಲವ್ವ. ಹಾಲು ತರುತ್ತೇನೆಂದು ಹೊರಗೆ ಹೋದಳು.

ಹೇಳಲೇಬೇಕೆಂದು ಬಂದಿದ್ದೆ. "ರೇಣುಕಾ, ಆ ವರ್ಷ ನಿನ್ನ ಬೂಟು..." ಎಂದು ಬಾಯಿ ತೆರೆದೆ.

"ಗೊತ್ತೈತ್ರಿ ಕಾಕಾ," ಎಂದಳು. ಸೂಜಿ ನಿಲ್ಲಿಸಲಿಲ್ಲ. "ಅಟ್ಟದ ಮ್ಯಾಲ ಇತ್ತು. ಹಲಗಿ ಸಂದ್ಯಾಗಿಂದ ಚೀಟಿ ಜೋತಾಡತಿತ್ತು, ನನ್ನ ಹೆಸರಿಂದು. ಓದಾಕ ಬರತಿತ್ತಲ್ರಿ ನನಗ. ನೀವು ತಟ್ಟಿ ಮ್ಯಾಲ ಬರದ ಕೊಟ್ರಿ, ಆವಾಗ ಎರಡೂ ಒಂದ ಕೈಯಿಂದು ಅಂತ ತಿಳೀತು."

ನನ್ನ ಕಣ್ಣು ಗೂಟದ ಕಡೆ ಹೋಯಿತು.

"ಬಸ್ಸಿನ್ಯಾಗ ಅವ್ವಗ ಹೇಳಿದ್ಯಾ. ಬೂಟು ಅಲ್ಲೇ ಐತಿ, ಅವ್ರು ಸುಳ್ಳ ಹೇಳಾಕತ್ತಾರ ಅಂದ್ಯಾ. ಇಳದ ಮ್ಯಾಲ ರಸ್ತಾದಾಗ ಹೊಡದಳು. ನಮ್ಮ ಮಾತಿನ ಮನಿಷ್ಯಾಗ ಹಂಗ ಅಂತೀ ಅಂತ. ಅಷ್ಟ ಎಂದೂ ಹೊಡದಿಲ್ಲ ಆಕಿ." ದಾರ ಎಳೆದಳು. "ಈಗ ನೀವು ಆಕಿಗೆ ಹೇಳಬ್ಯಾಡ್ರಿ. ನಿಮ್ಮ ಮ್ಯಾಲ ಸಿಟ್ಟಾಗಂಗಿಲ್ಲ ಆಕಿ. ನನ್ನ ಹೊಡದಿದ್ದು ನೆನಪ ಮಾಡಿಕೋತಾಳ. ಅದನ್ನ ತಾಳಂಗಿಲ್ಲ."

ನೀಲವ್ವ ಬಂದಳು. ಚಹಾ ಕಾಸಿದಳು. ರೇಣುಕಾಳ ಹೆಸರಿನ ಆ ಸಣ್ಣ ತಟ್ಟೆಯಲ್ಲೇ ನಾಲ್ಕು ಬಿಸ್ಕಿಟ್ ಇಟ್ಟು ನನ್ನ ಮುಂದೆ ಹಿಡಿದಳು. ತಿಂದೆ. ಹೊರಡುವಾಗ ಆಕೆ ಬಗ್ಗಿ ನನ್ನ ಕಾಲು ಮುಟ್ಟಿದಳು, ಪಟ್ಟಿ ಕಟ್ಟಿದ ಕಾಲು.

ಹೋದ ಚಳಿಗಾಲದಲ್ಲಿ ನೀಲವ್ವ ತೀರಿಕೊಂಡಳು. ವಿಷಯ ತಿಳಿದು ಹೋಗಿ ಕೂತುಬಂದೆ. ರೇಣುಕಾ ಒಬ್ಬಳೇ ಇದ್ದಳು. ತಂದೆ ಎಂದೋ ಊರು ಸೇರಿದ್ದಾನೆ. ಗೂಟದಲ್ಲಿ ಕ್ಯಾಲಿಪರ್ ಹಾಗೆಯೇ ಇತ್ತು. ಎಲ್ಲವನ್ನೂ ಬರೆಯಬೇಕೆಂದಿದ್ದೇನೆ, ಬರೆಯಲೇನು ಎಂದು ಅವಳನ್ನು ಕೇಳಿದೆ.

"ಬರೀರಿ. ಈಗ ಆಕಿ ಇಲ್ಲಲ್ಲ." ಕೈಯಲ್ಲಿದ್ದ ಸೀರೆಯ ಫಾಲಿಗೆ ಮತ್ತೆರಡು ಹೊಲಿಗೆ ಹಾಕಿ, "ಎದರಾಗ ಬರೀತೀರಿ, ಕನ್ನಡದಾಗೇನು?" ಎಂದಳು.

"ಹೌದು. ಮನಸಿನ ಮಾತು ನನಗ ಬರಿಯಾಕ ಬರೂದು ಅದರಾಗ ಅಷ್ಟ."

"ನನಗ ಕನ್ನಡ ಓದಾಕ ಬರಂಗಿಲ್ರಿ."

"ನಾನೇ ಬಂದು ಓದಿ ಹೇಳತೀನಿ."

"ಬ್ಯಾಡ್ರಿ ಕಾಕಾ," ಎಂದು ದಾರವನ್ನು ಹಲ್ಲಿನಿಂದ ಕಡಿದಳು. "ನಾ ಆವಾಗನ ನೋಡೀನಲ್ರಿ ಅದನ್ನ." ಆಮೇಲೆ ಮುಂದಿನ ಸೀರೆಯ ಅಂಚು ಬಿಡಿಸಿ ಮಡಿಲಿಗೆ ಹಾಕಿಕೊಂಡಳು.